ತೀರ್ಥಯಾತ್ರೆಯೂ ಗೃಹಾಚಾರವೂ

'ತೀರ್ಥ' ಎಂಬ ಶಬ್ದವು ನಮ್ಮ ಮನೆಗಳಲ್ಲಿ ನಿತ್ಯವೂ ಬಳಕೆಗೆ ಬರುವ ಶಬ್ದ. ಹೊಳೆಯನ್ನು ಸುರಕ್ಷಿತವಾಗಿ ದಾಟಬಹುದಾದ ಎಡೆ ಎಂಬುದು ಅದರ ಮೂಲಾರ್ಥ. ದಾಟುವ ಎಡೆಯಲ್ಲಿ ಜನರು ಕೂಡುವರು. ಕೂಡಿದಲ್ಲಿ ಸ್ನಾನ, ದಾನ, ಪೂಜೆಗಳು ನಡೆಯುವುವು. ಕಾಲಕ್ರಮದಲ್ಲಿ ಆ ಎಡೆಯೇ ಪುಣ್ಯಕ್ಷೇತ್ರವೆನಿಸುವುದು. ಹೀಗೆ ಊರು ಬಿಟ್ಟು ನಡೆದು ಹೋಗಿ ಸೇರತಕ್ಕ ಸ್ಥಳಕ್ಕೆ ತೀರ್ಥವೆಂಬ ಹೆಸರು ನಿಂತಿತು. ಆದರೆ ಲಿಂಗಾಯತ ಮನೆಯಲ್ಲಿ ಹುಟ್ಟಿದ ಮಗುವಿಗೆ ಈ ಶಬ್ದವು ಮೊದಲು ತಿಳಿಯುವುದು ಬೇರೊಂದು ಅರ್ಥದಲ್ಲಿ. ಪೂಜೆ ಮುಗಿದ ತರುವಾಯ ಹಿರಿಯರು ಅದರ ಅಂಗೈಗೆ ಎರೆಯುವ ಒಂದೆರಡು ಹನಿ ಪಾದೋದಕವೇ ಅದಕ್ಕೆ ತೀರ್ಥ. ಒಂದು ತೀರ್ಥವನ್ನು ಪಡೆಯಲು ಮನೆಯನ್ನು ಬಿಡಬೇಕು. ಇನ್ನೊಂದನ್ನು ಪಡೆಯಲು ಮನೆಯಲ್ಲಿಯೇ ಇರಬೇಕು. ದೂರದ ತೀರ್ಥವು ಮನೆಯ ತೀರ್ಥವಾದುದು ಹೇಗೆ, ಹಾಗೆ ಆದುದರಿಂದ ಗೃಹಸ್ಥನ ಮೇಲೆ ಬಿದ್ದ ಹೊಣೆ ಯಾವುದು ಎಂಬುದನ್ನು ವಿಚಾರಿಸುವುದು ಈ ಪಾಠದ ಉದ್ದೇಶ.

ಬೀದರಿನವರಿಗೆ ಈ ವಿಚಾರವು ಕಣ್ಣೆದುರಿಗೇ ಇದೆ. ನಗರವು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ ಕುಳಿತಿದೆ. ಮಳೆಯ ನೀರು ಈ ರಂಧ್ರಮಯವಾದ ಕಲ್ಲಿನಲ್ಲಿ ಇಂಗಿ, ಕೆಳಗಿನ ಗಟ್ಟಿಯಾದ ಪದರವನ್ನು ಮುಟ್ಟಿ, ಮುಂದೆ ಇಳಿಯಲಾರದೆ ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುವುದು. ಪಾಪನಾಶದ ಶಿವಾಲಯದ ಬಳಿಯ ನೀರು, ಎದೆಯ ಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯಬೇಕಾದ ನರಸಿಂಹ ಝರಣಿಯ ನೀರು, ಸಿಖ್ಖರು ಗುರು ನಾನಕರ ಕರುಣೆಯಿಂದ ಹುಟ್ಟಿತೆಂದು ನಂಬುವ ನಾನಕ ಝೀರಾದ ನೀರು, ಇವೆಲ್ಲವೂ ಆ ಒಂದೇ ದಿಬ್ಬದ ಅಂಚಿನವು. ಅದೇ ನೆಲದ ನೀರನ್ನು ಬಹಮನಿ ಅರಸರ ಕಾಲದ ಕುಶಲಿಗಳು ನೌಬಾದಿನ ಬಳಿ ನೆಲದೊಳಗೆ ಕಾಲುವೆ ಕೊರೆದು ಊರಿನ ಬಳಕೆಗೆ ತಂದರು. ಅದನ್ನು ಜನರು ಇಂದಿಗೂ ಕರೇಜು ಎನ್ನುವರು. ನೀರು ಒಂದೇ ಆಗಿರಲು, ಒಂದೆಡೆ ಅದು ಯಾತ್ರಿಕನ ಪಾಪವನ್ನು ತೊಳೆಯುವ ತೀರ್ಥವೆನಿಸಿತು. ಮತ್ತೊಂದೆಡೆ ಮನೆಯ ಕೊಡದಲ್ಲಿ ತುಂಬಿ ದಾಹವನ್ನು ಕಳೆಯಿತು. ಎರಡನೆಯದು ಮೊದಲನೆಯದಕ್ಕಿಂತ ಕೀಳೆಂದು ಯಾವ ವಿವೇಕಿಯೂ ಹೇಳಲಾರನು.

ಪುರಾತನ ಸಮಾಜಗಳಲ್ಲಿ ಯಾತ್ರೆ ಮತ್ತು ಮನೆ

ಯಾತ್ರೆಯೂ ಮನೆಯ ಆಚಾರವೂ ಒಂದು ದೇಶಕ್ಕೆ, ಒಂದು ಮತಕ್ಕೆ ಸೇರಿದ ಸಂಗತಿಗಳಲ್ಲ. ಪ್ರಾಚೀನ ಈಜಿಪ್ತಿನಲ್ಲಿ ಬುಬಾಸ್ತಿಸ್ ಎಂಬ ಊರಿನ ದೇವಿಯ ಜಾತ್ರೆಗೆ ಗಂಡಸರೂ ಹೆಂಗಸರೂ ದೋಣಿಗಳಲ್ಲಿ ಕುಳಿತು, ಹಾಡುತ್ತ, ತಾಳ ಹಾಕುತ್ತ ನೈಲ್ ನದಿಯಲ್ಲಿ ಸಾಗುತ್ತಿದ್ದರೆಂದೂ, ಮಕ್ಕಳನ್ನು ಬಿಟ್ಟು ೭ ಲಕ್ಷ ಜನರು ಸೇರುವರೆಂದು ಅಲ್ಲಿಯವರು ಹೇಳುತ್ತಿದ್ದರೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿಟ್ಟಿರುವನು. ಎಣಿಕೆಯು ಉತ್ಪ್ರೇಕ್ಷೆಯಾಗಿರಬಹುದು, ಜನಜಂಗುಳಿಯ ಚಿತ್ರವು ಮಾತ್ರ ನಮಗೆ ಅಪರಿಚಿತವಲ್ಲ. ಅದೇ ಈಜಿಪ್ತಿನಲ್ಲಿ, ಅರಸರ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರು ವಾಸಿಸುತ್ತಿದ್ದ ದೇರ್ ಎಲ್-ಮದೀನಾ ಎಂಬ ಹಳ್ಳಿಯನ್ನು ಅಗೆದು ನೋಡಿದಾಗ, ಮನೆಗಳ ಮುಂಗೋಣೆಯಲ್ಲಿ ಇಟ್ಟಿಗೆಯ ಕಟ್ಟೆಗಳೂ ಗೋಡೆಯಲ್ಲಿ ದೇವರ ಗೂಡುಗಳೂ ಕಂಡುಬಂದವು. ಮಹಾದೇವಾಲಯದ ಗರ್ಭಗೃಹಕ್ಕೆ ಸಾಮಾನ್ಯನಿಗೆ ಪ್ರವೇಶವಿರಲಿಲ್ಲ. ಅವನ ನಿತ್ಯದ ದೇವರು ಮನೆಯ ಗೂಡಿನಲ್ಲಿದ್ದನು.

ಗ್ರೀಕರಲ್ಲಿ ಮನೆಯ ನಡುವಿನ ಒಲೆಯೇ ಹೆಸ್ತಿಯಾ ಎಂಬ ದೇವತೆ. ಹುಟ್ಟಿದ ಕೂಸನ್ನು ಕೆಲವೇ ದಿನಗಳಲ್ಲಿ ಆ ಒಲೆಯ ಸುತ್ತ ಎತ್ತಿಕೊಂಡು ತಿರುಗಿದ ಬಳಿಕವೇ ಅದು ಮನೆಯ ಮಗುವೆನಿಸುತ್ತಿತ್ತು. ಅದೇ ಗ್ರೀಕರು ಒಲಿಂಪಿಯಾ, ಡೆಲ್ಫಿ, ಎಲ್ಯೂಸಿಸ್ ಮೊದಲಾದ ಕ್ಷೇತ್ರಗಳಿಗೆ ದೂರದೂರದಿಂದ ಹೋಗುತ್ತಿದ್ದರು. ಒಲಿಂಪಿಯಾದ ಉತ್ಸವಕ್ಕೆ ಹೋಗಿಬರುವವರನ್ನು ಯಾರೂ ತಡೆಯಬಾರದೆಂದು ಕದನವಿರಾಮವನ್ನು ಸಾರುತ್ತಿದ್ದರು. ರೋಮನರ ಮನೆಗಳಲ್ಲಿ ಗೃಹದೇವತೆಗಳಿಗೆ ಚಿಕ್ಕದೊಂದು ಗುಡಿ ಇರುತ್ತಿತ್ತು. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಬೆಟ್ಟದ ಬೂದಿಯಲ್ಲಿ ಹೂತುಹೋದ ಪಾಂಪೇಯಿ ನಗರದಲ್ಲಿ ಅಂಥ ಗುಡಿಗಳು ಇಂದಿಗೂ ಕಾಣಸಿಗುವುವು. ಅವುಗಳಲ್ಲಿ ಕೆಲವು ಅಡುಗೆಮನೆಯಲ್ಲಿಯೇ ಇರುವುದು ಗಮನಾರ್ಹ. ಮನೆಯ ಆಳುಗಳಿಗೂ ಆ ಪೂಜೆಯಲ್ಲಿ ಪಾಲಿದ್ದಿತು.

ಯೆಹೂದ್ಯರ ಚರಿತ್ರೆಯಲ್ಲಿ ಇನ್ನೂ ಮಹತ್ವದ ಪಾಠವಿದೆ. ವರ್ಷಕ್ಕೆ ಮೂರು ಹಬ್ಬಗಳಲ್ಲಿ ಜೆರೂಸಲೇಮಿನ ದೇವಾಲಯಕ್ಕೆ ಯಾತ್ರೆ ಹೋಗಬೇಕೆಂಬುದು ಅವರ ವಿಧಿಯಾಗಿದ್ದಿತು. ಕ್ರಿ. ಶ. ೭೦ರಲ್ಲಿ ರೋಮನರು ಆ ದೇವಾಲಯವನ್ನು ನೆಲಸಮ ಮಾಡಿದರು. ಹೋಗಬೇಕಾದ ಸ್ಥಳವೇ ಇಲ್ಲವಾಯಿತು. ಆದರೆ ಆ ಜನರ ಧರ್ಮವು ಅಳಿಯಲಿಲ್ಲ. ದೇವಾಲಯದಲ್ಲಿ ಬಲಿಯೊಡನೆ ನಡೆಯುತ್ತಿದ್ದ ಹಬ್ಬವು ಮನೆಯ ಊಟದ ಮೇಜಿಗೆ ಬಂದಿತು. ಮನೆಯ ಚಿಕ್ಕ ಮಗುವು ಪ್ರಶ್ನೆ ಕೇಳುವುದು, ಹಿರಿಯರು ಪೂರ್ವಜರ ಕಥೆಯನ್ನು ಹೇಳಿ ಉತ್ತರಿಸುವುದು ಆ ಹಬ್ಬದ ಮುಖ್ಯಾಂಗವಾಯಿತು. ಯಾತ್ರೆಯು ನಿಂತುಹೋದ ಕಾಲದಲ್ಲಿ ಮನೆಯು ಅದರ ಭಾರವನ್ನು ಹೊತ್ತಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ನಮ್ಮ ಜಾತ್ರೆಗಳೂ ತೇರುಗಳೂ ನಿಂತಾಗ, ಅಂಗೈಯ ಲಿಂಗಪೂಜೆಗೆ ಮಾತ್ರ ಯಾವ ತಡೆಯೂ ಬಾರದಿದ್ದುದನ್ನು ಇಲ್ಲಿ ನೆನೆಯಬಹುದು.

ಯಾತ್ರೆಯು ಬಡವನಿಗೆ ತೆರೆದ ದಾರಿ

ನಮ್ಮ ದೇಶದಲ್ಲಿ ವೇದಕಾಲದ ಗೃಹಸ್ಥನಿಗೆ ಮನೆಯ ಅಗ್ನಿಯೇ ಪ್ರಧಾನವಾಗಿದ್ದಿತು. ಹುಟ್ಟು, ನಾಮಕರಣ, ಮದುವೆ, ಮರಣ ಇವುಗಳಿಗೆ ಸಂಬಂಧಿಸಿದ ವಿಧಿಗಳನ್ನೆಲ್ಲ ಗೃಹ್ಯಸೂತ್ರಗಳು ವಿವರಿಸಿದವು. ಆದರೆ ದೊಡ್ಡ ಯಜ್ಞಗಳಿಗೆ ದ್ರವ್ಯ ಬೇಕು, ಋತ್ವಿಜರು ಬೇಕು, ಅಧಿಕಾರ ಬೇಕು. ಬಡವನ ಗತಿ ಏನು? ಮಹಾಭಾರತದ ವನಪರ್ವದ ತೀರ್ಥಯಾತ್ರಾ ಪ್ರಕರಣವು ಇದಕ್ಕೆ ಉತ್ತರ ಕೊಡುವುದು. ಯಜ್ಞ ಮಾಡಲು ಶಕ್ತಿಯಿಲ್ಲದ ದರಿದ್ರನು ಕೂಡ ತೀರ್ಥಗಳಿಗೆ ನಡೆದು ಹೋಗಿ ಯಜ್ಞಕ್ಕಿಂತ ಮಿಗಿಲಾದ ಫಲವನ್ನು ಪಡೆಯಬಹುದು ಎಂಬುದು ಅಲ್ಲಿಯ ಅಭಿಪ್ರಾಯ. ಆದುದರಿಂದ ಯಾತ್ರೆಯನ್ನು ಮೂಢರ ಅಲೆದಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಒಂದು ಕಾಲದಲ್ಲಿ ಅದು ಬಡವನಿಗಾಗಿ ತೆರೆದ ಬಾಗಿಲಾಗಿದ್ದಿತು.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಯಾತ್ರೆ ಮತ್ತು ಗೃಹಾಚಾರ ಇವೆರಡನ್ನೂ ಕುರಿತು ಬಂಡೆಗಳ ಮೇಲೆ ಬರೆಯಿಸಿದನು. ಆಂಧ್ರದ ಎರ್ರಗುಡಿಯಲ್ಲಿಯೂ ಆ ಶಾಸನಗಳಿವೆ. ಎಂಟನೆಯ ಶಾಸನದಲ್ಲಿ, ಹಿಂದಿನ ಅರಸರು ಬೇಟೆಗಾಗಿ ವಿಹಾರಯಾತ್ರೆ ಮಾಡುತ್ತಿದ್ದರೆಂದೂ, ತಾನು ಅದರ ಬದಲು ಧರ್ಮಯಾತ್ರೆಯನ್ನು ಕೈಕೊಂಡು ವೃದ್ಧರನ್ನು ಕಂಡು ಸಹಾಯ ಮಾಡುವೆನೆಂದೂ, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಮಾತನಾಡುವೆನೆಂದೂ ಹೇಳಿರುವನು. ಒಂಬತ್ತನೆಯ ಶಾಸನದಲ್ಲಿ, ರೋಗ ಬಂದಾಗ, ಮದುವೆಯಾದಾಗ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನರು ಬಗೆಬಗೆಯ ಮಂಗಲಾಚಾರಗಳನ್ನು ಮಾಡುವರೆಂದೂ, ಅವುಗಳ ಫಲ ಅಲ್ಪವೆಂದೂ, ಆಳುಕಾಳುಗಳನ್ನು ಸರಿಯಾಗಿ ನಡೆಯಿಸಿಕೊಳ್ಳುವುದು, ಗುರುಹಿರಿಯರನ್ನು ಗೌರವಿಸುವುದು, ಪ್ರಾಣಿಗಳಲ್ಲಿ ದಯೆ ಇವೇ ನಿಜವಾದ ಮಂಗಲವೆಂದೂ ಹೇಳಿರುವನು. ಯಾತ್ರೆಯ ಬೆಲೆಯನ್ನೂ ಮನೆಯ ಆಚಾರದ ಬೆಲೆಯನ್ನೂ ಮನುಷ್ಯರೊಡನೆ ನಡೆದುಕೊಳ್ಳುವ ರೀತಿಯಿಂದ ಅಳೆಯಬೇಕೆಂಬ ಈ ಮಾತು ಶರಣರ ಕಾಲಕ್ಕೆ ಸುಮಾರು ೧,೪೦೦ ವರ್ಷ ಮೊದಲೇ ದಕ್ಷಿಣದ ಕಲ್ಲಿನ ಮೇಲೆ ಮೂಡಿತ್ತು.

ಆದರೂ ಒಂದು ತೊಡಕು ಉಳಿಯಿತು. ಯಾತ್ರೆಗೂ ಬಿಡುವು ಬೇಕು, ಬುತ್ತಿ ಬೇಕು, ಗಟ್ಟಿಯಾದ ಕಾಲುಗಳು ಬೇಕು. ದಿನಗೂಲಿಯವನು, ಬಾಣಂತಿ, ಹಾಸಿಗೆ ಹಿಡಿದ ಮುದುಕಿ, ಗುಡಿಯ ಹೊಸ್ತಿಲನ್ನು ತುಳಿಯಬಾರದೆಂದು ಹೊರಗೆ ನಿಲ್ಲಿಸಲ್ಪಟ್ಟವನು, ಇವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಬಂದಿತು.

ಶ್ರೀಶೈಲದಿಂದ ಸೊನ್ನಲಿಗೆಗೆ, ಸೊನ್ನಲಿಗೆಯಿಂದ ಅಂಗೈಗೆ

ಈ ಉತ್ತರವನ್ನು ತಿಳಿಯಲು ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆಯೇ ಉತ್ತಮ ಪಾಠ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ ಬರುವ ಕಥೆಯನ್ನು ಬಲ್ಲವರು ಅನೇಕರು. ಹೊಲ ಕಾಯುತ್ತಿದ್ದ ಬಾಲಕನ ಮುಂದೆ ಮಲ್ಲಯ್ಯನು ಜಂಗಮನಾಗಿ ಬಂದು ಉಣಲು ಬೇಡುವನು. ಬಾಲಕನು ಮನೆಗೆ ಓಡಿಹೋಗಿ ಅನ್ನವನ್ನು ತರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಅವನನ್ನು ಹುಡುಕುತ್ತ ಬಾಲಕನು ಯಾತ್ರಿಕರ ಜೊತೆಗೂಡಿ ಶ್ರೀಶೈಲಕ್ಕೆ ನಡೆಯುವನು. ಅಲ್ಲಿ ಗುಡಿಯೊಳಗಿನ ಲಿಂಗವನ್ನು ತೋರಿಸಿದರೆ ಅವನಿಗೆ ಸಮಾಧಾನವಿಲ್ಲ. ತನ್ನ ಹೊಲಕ್ಕೆ ಬಂದು ಹಸಿವೆಂದ ಮಲ್ಲಯ್ಯನೇ ಬೇಕು. ಕೊನೆಗೆ ಕಮರಿಗೆ ಹಾರಲು ಹೋದಾಗ ಮಲ್ಲಿಕಾರ್ಜುನನು ಕೈಹಿಡಿದು, ನಿನ್ನ ಊರಿಗೆ ಹಿಂತಿರುಗು, ಅದನ್ನೇ ಶ್ರೀಶೈಲವನ್ನಾಗಿ ಮಾಡು ಎಂದು ಅಪ್ಪಣೆಕೊಡುವನು.

ಇಲ್ಲಿ ಯಾತ್ರೆಯ ಫಲವು ಕ್ಷೇತ್ರದಲ್ಲಿ ಉಳಿಯುವುದಲ್ಲ, ಊರಿಗೆ ಮರಳುವುದು ಎಂಬುದನ್ನು ಗಮನಿಸಬೇಕು. ಸಿದ್ಧರಾಮರು ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ ಮರಳಿ ಕೆರೆಯನ್ನು ಕಟ್ಟಿಸಿದರು, ಲಿಂಗಗಳನ್ನು ಸ್ಥಾಪಿಸಿದರು, ಅನ್ನಸತ್ರವನ್ನು ನಡೆಸಿದರು. ಇಂದಿಗೂ ಪ್ರತಿ ಮಕರ ಸಂಕ್ರಾಂತಿಯಲ್ಲಿ ಏಳು ನಂದಿಧ್ವಜಗಳು ಆ ನಗರದ ಅರವತ್ತೆಂಟು ಲಿಂಗಗಳನ್ನು ಸುತ್ತಿಬರುವುವು. ಕನ್ನಡವೂ ಮರಾಠಿಯೂ ಬೆರೆತ ಆ ಜಾತ್ರೆಯ ಮುಖ್ಯ ವಿಧಿಯು ಅಕ್ಷತೆ ಹಾಕುವ ಮದುವೆಯ ಸಮಾರಂಭವಾಗಿರುವುದು. ದೂರದ ಕ್ಷೇತ್ರವು ಊರಿನೊಳಗೆ ಬಂದಿತು; ಊರಿನ ಜಾತ್ರೆಯು ಮನೆಯ ಮಂಗಲಕಾರ್ಯದ ರೂಪವನ್ನು ತಾಳಿತು.

ಆದರೆ ಚರಿತ್ರೆಯು ಅಲ್ಲಿಗೆ ಮುಗಿಯಲಿಲ್ಲ. ಶೂನ್ಯಸಂಪಾದನೆಯು ಹೇಳುವಂತೆ, ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಹೊರಗೆ ಕಟ್ಟುವ ಕೆಲಸದಲ್ಲಿ ಮುಳುಗಿದ ಸಿದ್ಧರಾಮರನ್ನು ಕೆಣಕಿ, ಕಟ್ಟಿಸಿದೆನೆಂಬ ಅಭಿಮಾನದ ಕಡೆಗೆ ಬೆರಳು ತೋರಿ, ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗದೀಕ್ಷೆಯಾಯಿತು. ಶ್ರೀಶೈಲದಿಂದ ಊರಿಗೆ ಬಂದ ಲಿಂಗವು ಊರಿನಿಂದ ಅಂಗೈಗೆ ಬಂದಿತು. ಯಾತ್ರಿಕನು ಲಿಂಗದ ಕಡೆಗೆ ನಡೆಯುವುದರ ಬದಲು, ಲಿಂಗವೇ ಭಕ್ತನೊಡನೆ ನಡೆಯತೊಡಗಿತು.

ಅಂಗೈಯ ಲಿಂಗಕ್ಕೆ ಬುತ್ತಿ ಬೇಡ, ಬಂಡಿ ಬೇಡ, ಪೂಜಾರಿಯ ಅಪ್ಪಣೆ ಬೇಡ. ಬಾಣಂತಿಯೂ ಪೂಜಿಸಬಹುದು, ಕೂಲಿಯವನೂ ಪೂಜಿಸಬಹುದು. ತಾಯಿಯು ಗರ್ಭಿಣಿಯಾಗಿರುವಾಗಲೇ ಗರ್ಭಸ್ಥ ಶಿಶುವಿಗೆ ಲಿಂಗಧಾರಣ ಮಾಡಿಸುವ ನಮ್ಮ ಸಂಪ್ರದಾಯವನ್ನು ಗ್ರೀಕರು ಕೂಸನ್ನು ಒಲೆಯ ಸುತ್ತ ತಿರುಗಿಸುತ್ತಿದ್ದ ವಿಧಿಯೊಡನೆ ಹೋಲಿಸಿ ನೋಡಿದರೆ ಶರಣರ ದೃಷ್ಟಿ ಸ್ಪಷ್ಟವಾಗುವುದು. ಅಲ್ಲಿ ಮಗುವು ಮನೆಗೆ ಸೇರಿದ ಮೇಲೆ ದೇವರಿಗೆ ಸೇರುವುದು. ಇಲ್ಲಿ ಮಗುವು ಯಾವ ಮನೆಯಲ್ಲಿ ಹುಟ್ಟಿತೆಂದು ಲೋಕವು ಕೇಳುವುದಕ್ಕೆ ಮೊದಲೇ ಲಿಂಗಕ್ಕೆ ಸೇರಿರುವುದು.

ಮನೆಯೂ ಪರೀಕ್ಷೆಗೆ ಒಳಗಾಯಿತು

ಇಷ್ಟನ್ನು ಕೇಳಿ, ಹಾಗಾದರೆ ಯಾತ್ರೆ ಬೇಡ, ಮನೆಯಲ್ಲಿದ್ದರೆ ಸಾಕು ಎಂದು ನಾವು ನೆಮ್ಮದಿಯಿಂದ ಕುಳಿತುಬಿಡುವ ಸಂಭವವಿದೆ. ಶರಣರು ಆ ನೆಮ್ಮದಿಯನ್ನು ನಮಗೆ ಕೊಡಲಿಲ್ಲ. ತೀರ್ಥವು ಮನೆಗೆ ಬಂದಿತೆಂದರೆ, ತೀರ್ಥಕ್ಷೇತ್ರದಲ್ಲಿ ಇರಬೇಕಾದ ಶುದ್ಧಿಯೂ ಸಮಾನತೆಯೂ ದಾನಬುದ್ಧಿಯೂ ಮನೆಗೆ ಬರಬೇಕಾಯಿತು. ಗುಡಿಯನ್ನು ಪರೀಕ್ಷಿಸಿದ ಶರಣರು ಮನೆಯನ್ನು ಅದಕ್ಕಿಂತಲೂ ಕಠಿನವಾಗಿ ಪರೀಕ್ಷಿಸಿದರು.

ಮೊದಲನೆಯದಾಗಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅವರು ಅಲ್ಲಗಳೆದರು. ಈ ಐದೂ ಮನೆಯೊಳಗಿನ ಸಂಗತಿಗಳು. ಹೆಣ್ಣುಮಗಳನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂಡಿಸುವ ಮನೆಯಲ್ಲಿ, ಆ ಮೂರು ದಿನ ಅವಳ ಅಂಗೈಗೆ ತೀರ್ಥ ಬೀಳದ ಮನೆಯಲ್ಲಿ, ಲಿಂಗವು ಮನೆಗೆ ಬಂದಿದೆ ಎನ್ನುವುದು ಹೇಗೆ?

ಎರಡನೆಯದಾಗಿ, ಮನೆಯ ಗಳಿಕೆಯನ್ನು ಪರೀಕ್ಷಿಸಿದರು. ಆಯ್ದಕ್ಕಿ ಮಾರಯ್ಯನವರದು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಹಾಕಿಬರಲು ಹೇಳಿದರು. ದಾಸೋಹಕ್ಕಾಗಿಯೇ ತಂದುದಾದರೂ ಅಗತ್ಯಕ್ಕೆ ಮೀರಿದುದು ಆಸೆಯ ಫಲವೆಂಬುದು ಆ ತಾಯಿಯ ನಿರ್ಣಯ. ಧರ್ಮದ ಹೆಸರಿನಿಂದ ಮಾಡುವ ವೆಚ್ಚವೂ ಲೆಕ್ಕಕ್ಕೆ ಒಳಪಟ್ಟದ್ದೆಂದು ಇದರಿಂದ ತಿಳಿಯುವುದು. ಹರಕೆ ತೀರಿಸಲು ಸಾಲ ಮಾಡಿ, ಎತ್ತು ಮಾರಿ, ಮಕ್ಕಳ ಓದಿನ ಹಣವನ್ನು ಬಳಸಿ ದೂರದ ಯಾತ್ರೆಗೆ ಹೊರಡುವ ಗೃಹಸ್ಥನು ಹೊರಡುವ ಮುನ್ನ ಲಕ್ಕಮ್ಮನವರ ಎದುರು ನಿಂತಂತೆ ಭಾವಿಸಿಕೊಳ್ಳಲಿ.

ಮೂರನೆಯದಾಗಿ, ಮನೆಯ ಸಂಬಂಧವನ್ನೇ ಪರೀಕ್ಷಿಸಿದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯೇ ಕಲ್ಯಾಣದ ಕೋಲಾಹಲಕ್ಕೆ ಕಾರಣವಾಯಿತೆಂದು ಪರಂಪರೆಯು ಹೇಳುತ್ತ ಬಂದಿದೆ. ಒಬ್ಬರು ಸಮಗಾರ ಕುಲದಲ್ಲಿ ಹುಟ್ಟಿದವರು, ಇನ್ನೊಬ್ಬರು ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು. ಆ ಇಬ್ಬರು ತಂದೆಯರು ಪ್ರಾಣ ಕೊಟ್ಟದ್ದು ಯಾವ ಕ್ಷೇತ್ರದ ಹಕ್ಕಿಗಾಗಿಯೂ ಅಲ್ಲ, ಯಾವ ಗುಡಿಯ ಪ್ರವೇಶಕ್ಕಾಗಿಯೂ ಅಲ್ಲ. ಎರಡು ಮನೆಗಳ ಬೀಗತನಕ್ಕಾಗಿ. ಶರಣಧರ್ಮವು ತನ್ನ ಅತ್ಯಂತ ದೊಡ್ಡ ಬೆಲೆಯನ್ನು ತೆತ್ತುದು ಮನೆಯ ಹೊಸ್ತಿಲಿನ ಮೇಲೆ ಎಂಬುದನ್ನು ನಾವು ಮರೆಯಬಾರದು.

ಇನ್ನು ಮನೆಯೇ ಸೆರೆಯಾದಾಗ ಏನು ಮಾಡಬೇಕು? ಅಕ್ಕಮಹಾದೇವಿಯವರ ಬಾಳು ಇದಕ್ಕೆ ಉತ್ತರ. ಅರಸನ ಮನೆಯನ್ನು ತೊರೆದು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಅವರು ನಡೆದರು. ಅವರ ಪಾಲಿಗೆ ನಡಿಗೆಯೇ ಧರ್ಮವಾಯಿತು. ಆದುದರಿಂದ ಮನೆಯಲ್ಲಿರುವುದು ತಾನಾಗಿಯೇ ಪುಣ್ಯವಲ್ಲ, ಹೊರಡುವುದು ತಾನಾಗಿಯೇ ಪಾಪವಲ್ಲ. ಲಿಂಗಕ್ಕೆ ಎಡೆಯಿಲ್ಲದ ಮನೆಯನ್ನು ಬಿಟ್ಟುಹೋದ ಅಕ್ಕನನ್ನು ಅನುಭವಮಂಟಪವು ಪ್ರಶ್ನಿಸಿ, ಕೊನೆಗೆ ಗೌರವದಿಂದ ಬರಮಾಡಿಕೊಂಡಿತು.

ನಮ್ಮ ಸೀಮೆಯ ಯಾತ್ರೆಗಳು

ಈ ತತ್ತ್ವವನ್ನು ಮುಂದಿಟ್ಟುಕೊಂಡು ನಮ್ಮ ಸೀಮೆಯ ಕೆಲವು ಆಚರಣೆಗಳನ್ನು ನೋಡೋಣ.

ಬೀದರಿನ ಬಳಿಯ ಅಷ್ಟೂರಿನಲ್ಲಿ ಬಹಮನಿ ಅರಸರ ಗುಮ್ಮಟಗಳಿವೆ. ಅವುಗಳಲ್ಲಿ ೧೪೨೨ರಿಂದ ೧೪೩೬ರ ವರೆಗೆ ಆಳಿದ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ ಶಹಾ ವಲಿಯ ಗುಮ್ಮಟವು ಪ್ರಸಿದ್ಧವಾದುದು. ಇಲ್ಲಿಯ ಅನೇಕ ಲಿಂಗಾಯತರು ಆ ವಲಿಯನ್ನು ಅಲ್ಲಮಪ್ರಭುವಿನ ರೂಪವೆಂದು ಭಾವಿಸಿ ನಡೆದುಕೊಳ್ಳುವರು. ಅವನ ಉರುಸು ಹೋಳಿ ಹುಣ್ಣಿಮೆಯಿಂದ ದಿನ ಎಣಿಸಿ ನಡೆಯುವುದೆಂದೂ, ಕಲಬುರಗಿ ಸೀಮೆಯ ಮಾಡ್ಯಾಳದ ಜಂಗಮರು ಪರಿವಾರದೊಡನೆ ಬಂದು ಪೂಜೆ ಸಲ್ಲಿಸುವರೆಂದೂ ಯಾಜ್ದಾನಿಯವರು ೧೯೪೭ರಲ್ಲಿ ಪ್ರಕಟವಾದ ಬೀದರಿನ ಚರಿತ್ರೆಯ ಗ್ರಂಥದಲ್ಲಿ ದಾಖಲಿಸಿರುವರು. ಎರಡು ಮತಗಳ ಮನೆಗಳವರು ಒಂದೇ ಗುಮ್ಮಟದ ನೆರಳಿನಲ್ಲಿ ಕೂಡುವ ಈ ಯಾತ್ರೆಯು, ಜನರನ್ನು ಬೇರ್ಪಡಿಸುವ ಯಾತ್ರೆಗಿಂತ ಎಷ್ಟೋ ಮೇಲು. ಆದರೆ ಅಲ್ಲಿ ಕೂಡಿದವರು ಓಣಿಗೆ ಮರಳಿದ ಮೇಲೂ ನೆರೆಹೊರೆಯವರಾಗಿಯೇ ಬಾಳಿದಾಗ ಆ ಕೂಟಕ್ಕೆ ಸಾರ್ಥಕತೆ.

ಔರಾದಿನಲ್ಲಿ ಮಹಾಶಿವರಾತ್ರಿಯ ಹೊತ್ತಿಗೆ ಅಮರೇಶ್ವರನ ಜಾತ್ರೆ ನೆರೆಯುವುದು. ದೈವದರ್ಶನದ ಜೊತೆಗೆ ದನಗಳ ವ್ಯಾಪಾರವೂ ನಡೆಯುವುದು. ಈ ಸೀಮೆಯ ಹೆಸರಾಂತ ದೇವಣಿ ತಳಿಯ ಎತ್ತುಗಳನ್ನು ರೈತರು ಹೆಮ್ಮೆಯಿಂದ ತಂದು ನಿಲ್ಲಿಸುವರು. ಜಾತ್ರೆಯಲ್ಲಿ ಸಂತೆಯು ಸೇರಿರುವುದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಒಕ್ಕಲಿಗನ ಕಾಯಕಕ್ಕೆ ಎತ್ತು ಬೇಕು, ಬಳಗದವರ ಭೇಟಿ ಬೇಕು, ಹೆಣ್ಣು-ಗಂಡಿನ ಮಾತುಕತೆಗೆ ಒಂದು ಎಡೆ ಬೇಕು. ಆಯ್ದಕ್ಕಿ ದಂಪತಿಗಳ ವಚನಾಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರೇ ಇರುವುದು. ಅವರ ಅಮರೇಶ್ವರ ರಾಯಚೂರು ಕಡೆಯದೆಂಬುದು ಪ್ರತೀತಿ. ಆದರೂ ಹೆಸರು ಒಂದೇ ಆಗಿರುವುದರಿಂದ, ಔರಾದಿನ ತೇರಿನ ಮುಂದೆ ಕೈಮುಗಿಯುವ ಭಕ್ತನಿಗೆ ಕಾಯಕದ ನೆನಪಾಗುವುದು ಉಚಿತವೇ.

ಭಾಲ್ಕಿಗೆ ಭಾಲ್ಕೇಶ್ವರನ ಗುಡಿಯೂ ಇದೆ, ಹಿರೇಮಠವೂ ಇದೆ. ಆ ಮಠದ ಡಾ. ಚನ್ನಬಸವ ಪಟ್ಟದ್ದೇವರು (೧೮೯೦-೧೯೯೯) ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುವರು. ಯಾತ್ರೆ ಮತ್ತು ಮನೆಯ ವಿಚಾರದಲ್ಲಿ ಇದನ್ನು ಏಕೆ ಹೇಳಬೇಕೆಂದರೆ, ಮನೆಯ ಆಚಾರವು ಅಕ್ಷರದ ಮೇಲೆಯೂ ನಿಂತಿರುವುದು. ವಚನವು ಕನ್ನಡದಲ್ಲಿದೆ. ಮನೆಯ ಮಗುವಿಗೆ ಕನ್ನಡ ಓದಲು ಬಾರದಿದ್ದರೆ ವಚನದ ಕಟ್ಟು ಪೂಜೆಯ ಗೂಡಿನಲ್ಲಿ ಬಟ್ಟೆಯೊಳಗೆ ಉಳಿಯುವುದು; ಅದಕ್ಕೂ ನಮಸ್ಕರಿಸಬಹುದು, ಆದರೆ ಅದರೊಡನೆ ಮಾತನಾಡಲಾಗದು. ಯೆಹೂದ್ಯರ ಹಬ್ಬದಲ್ಲಿ ಮಗು ಪ್ರಶ್ನೆ ಕೇಳುವಂತೆ, ನಮ್ಮ ಮನೆಯ ಮಗುವು ವಾರಕ್ಕೊಮ್ಮೆಯಾದರೂ ಒಂದು ವಚನವನ್ನು ಓದಿ ಅರ್ಥ ಕೇಳುವಂತಾದರೆ, ಪಟ್ಟದ್ದೇವರು ಪಟ್ಟ ಶ್ರಮಕ್ಕೆ ಅದೇ ಕಾಣಿಕೆ.

ಇವೆಲ್ಲಕ್ಕಿಂತ ಸುಂದರವಾದ ಯಾತ್ರೆಯೊಂದು ನಮ್ಮ ಸೀಮೆಯಲ್ಲಿದೆ. ಅದನ್ನು ಯಾರೂ ಯಾತ್ರೆಯೆಂದು ಕರೆಯುವುದಿಲ್ಲ. ಅದು ಎಳ್ಳ ಅಮಾವಾಸ್ಯೆ. ಮಾರ್ಗಶಿರದ ಕೊನೆಗೆ, ಜೋಳ ಕಡಲೆಗಳು ನಿಂತಿರುವಾಗ, ಮನೆಮಂದಿಯೆಲ್ಲ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ನಡೆಯುವರು. ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುವರು. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದೊಯ್ಯುವರು. ದಾರಿಹೋಕನನ್ನೂ ಕೂಗಿ ಕರೆದು ಉಣಬಡಿಸುವರು. ಇಲ್ಲಿ ಕ್ಷೇತ್ರವೆಂದರೆ ನಿಜವಾಗಿಯೂ ಕ್ಷೇತ್ರವೇ, ದುಡಿಯುವ ಹೊಲವೇ. ಕಾಯಕದ ಸ್ಥಳಕ್ಕೆ ಯಾತ್ರೆ, ಅಲ್ಲಿ ದಾಸೋಹ, ಸಂಜೆಗೆ ಮನೆ. ಶರಣರ ತತ್ತ್ವವನ್ನು ಓದದವರೂ ಅದನ್ನು ಈ ಒಂದು ದಿನ ನಡೆದು ತೋರಿಸುವರು. ಮೊದಲ ಪಂಕ್ತಿಯಲ್ಲಿ ಯಾರು, ಬೇರೆಯಾಗಿ ಯಾರು ಎಂಬ ಭೇದವು ಹೊಲದ ಬದುವಿನ ಮೇಲೂ ಉಳಿದಿದ್ದರೆ ಮಾತ್ರ ಅದನ್ನು ಅಳಿಸಬೇಕಾಗಿದೆ.

ಇನ್ನು ಬಸವಕಲ್ಯಾಣ. ಭಾಲ್ಕಿಯಿಂದಾಗಲಿ ಬೀದರಿನಿಂದಾಗಲಿ ಒಂದೇ ದಿನದಲ್ಲಿ ಹೋಗಿಬರಬಹುದಾದ ಆ ನಗರದಲ್ಲಿ ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನವರ ಗವಿ, ಹರಳಯ್ಯನವರ ಗವಿ ಇವೆ. ಹೊಸ ಅನುಭವಮಂಟಪದ ಕಟ್ಟಡಕ್ಕೆ ೨೦೨೧ರಲ್ಲಿ ಅಡಿಗಲ್ಲು ಬಿದ್ದಿತು. ಜನರು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ದಾರಿಯಲ್ಲಿ ಈಗ ಬಸ್ಸುಗಳೂ ಕಾರುಗಳೂ ಓಡುತ್ತಿವೆ. ಹೋಗುವುದು ಒಳ್ಳೆಯದೇ. ಆದರೆ ಹರಳಯ್ಯನವರ ಗವಿಯಲ್ಲಿ ಹಣೆ ಮಣಿದು, ಮನೆಗೆ ಮರಳಿ, ಅಂಗಳಕ್ಕೆ ಬಂದವನ ಜಾತಿಯನ್ನು ಕೇಳಿ ನೀರಿನ ಲೋಟವನ್ನು ಬೇರೆಯಿಡುವವನು ಯಾವ ಊರಿಗೆ ಹೋಗಿಬಂದನು? ಅವನ ಕಾಲುಗಳು ಕಲ್ಯಾಣವನ್ನು ಮುಟ್ಟಿರಬಹುದು. ಅವನ ಮನೆಯು ಬಿಜ್ಜಳನ ಆಸ್ಥಾನದಲ್ಲಿಯೇ ಉಳಿಯಿತು.

ಗೃಹಸ್ಥರ ಮನನಕ್ಕೆ

ಮೇಲಿನ ವಿಚಾರವನ್ನು ನಿತ್ಯದ ಆಚರಣೆಗೆ ತರಲು ಕೆಲವು ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದೆ. ಯಾತ್ರೆಗೆ ಹೊರಡುವ ಮುನ್ನವೂ ಮರಳಿದ ಮೇಲೂ ಮನೆಯವರೆಲ್ಲ ಕೂಡಿ ಇವನ್ನು ವಿಚಾರಿಸಿಕೊಳ್ಳತಕ್ಕದ್ದು.

೧. ಈ ಯಾತ್ರೆಯ ವೆಚ್ಚವು ಕಾಯಕದಿಂದ ಬಂದುದೇ, ಸಾಲದಿಂದ ಬಂದುದೇ? ಸಾಲದಿಂದಾದರೆ ಅದನ್ನು ತೀರಿಸುವ ಭಾರವು ಯಾರ ಹೆಗಲಿಗೆ ಬೀಳುವುದು?

೨. ನಾವು ಹೊರಟಾಗ ಮನೆಯಲ್ಲಿ ಉಳಿಯುವವರಾರು? ವೃದ್ಧರಿಗೆ, ರೋಗಿಗಳಿಗೆ, ದನಕರುಗಳಿಗೆ ಏರ್ಪಾಡು ಆಗಿದೆಯೇ? ಪ್ರತಿ ವರ್ಷವೂ ಉಳಿಯುವವರು ಅವರೇ ಆಗಿದ್ದರೆ, ಈ ಸಲ ಅವರನ್ನು ಕಳಿಸಿ ನಾವು ಉಳಿಯಬಾರದೇಕೆ?

೩. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ, ತಿಂಗಳ ಎಲ್ಲ ದಿನಗಳಲ್ಲಿಯೂ, ಲಿಂಗಪೂಜೆಗೂ ತೀರ್ಥಪ್ರಸಾದಕ್ಕೂ ಎಡೆಯಿದೆಯೇ?

೪. ಕ್ಷೇತ್ರದಲ್ಲಿ ಅಪರಿಚಿತರ ಪಕ್ಕದಲ್ಲಿ ಕುಳಿತು ಉಂಡೆವು. ನಮ್ಮ ಮನೆಯ ಪಂಕ್ತಿಯಲ್ಲಿ, ನಮ್ಮ ಹೊಲದ ಬದುವಿನಲ್ಲಿ ಯಾರು ನಮ್ಮ ಪಕ್ಕದಲ್ಲಿ ಕೂಡುವರು? ಯಾರು ಇನ್ನೂ ಕೂಡಲಾರರು?

೫. ಮರಳಿ ಬಂದು ಒಂದು ತಿಂಗಳಾದ ಮೇಲೆ, ಯಾತ್ರೆಗೆ ಮೊದಲು ಇಲ್ಲದಿದ್ದ ಯಾವ ಒಳ್ಳೆಯ ನಡತೆಯು ಮನೆಯಲ್ಲಿ ಸೇರಿದೆ?

ಐದನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಯಾತ್ರೆಯು ವ್ಯರ್ಥವೆಂದು ತಿಳಿಯಬೇಕಾಗಿಲ್ಲ. ಇನ್ನೂ ಮುಗಿದಿಲ್ಲವೆಂದು ತಿಳಿದರೆ ಸಾಕು. ಸಿದ್ಧರಾಮರು ಶ್ರೀಶೈಲದಿಂದ ಹಿಂತಿರುಗಿದ ಮೇಲೆ ಅವರ ನಿಜವಾದ ಕೆಲಸವು ಆರಂಭವಾಯಿತು. ಊರಿಗೆ ಹಿಂತಿರುಗಿದ ಗೃಹಸ್ಥನಿಗೂ ಹಾಗೆಯೇ. ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದಾಗ, ಮನೆಯಲ್ಲಿ ಅವನಿಗಾಗಿ ಕಾದಿರುವವರ ಹಸಿವು, ನೋವು, ಗೌರವಗಳನ್ನು ಕಾಣುವ ಕಣ್ಣು ಅವನಿಗೆ ಬಂದಿದ್ದರೆ, ಅವನು ತೀರ್ಥವನ್ನು ತಂದಿರುವನು.